ಕಡಲ್ಗಳ್ಳರ ಆಟ ಕಟ್ಟಿದ ಲತೀಶ

ಲತೀಶ ನನ್ನ ತಂಗಿ ಕಿನ್ನಿಯ ಮಗ. ಕುಂಬಳೆಯ ಹತ್ತಿರದ ಬಂದ್ಯೋಡಿನಲ್ಲಿ ನಮ್ಮ ಎರಡು ಮನೆಗಳಿಗೂ ಬಾವಿ ಒಂದೇ. ಅವನೂ ನನ್ನ ಮಗ ಪ್ರವೀತನೂ ಒಂದೇ ವರ್ಷ ಹುಟ್ಟಿದವರು, ಒಂದೇ ಹಡಗಿನಲ್ಲಿ ಕೆಲಸಕ್ಕೆ ಸೇರಿದವರು. ಪ್ರವೀತ ಅಡುಗೆಯ ಕೋಣೆಗೆ, ಲತೀಶ ಎಂಜಿನ್ ಕೋಣೆಗೆ. ೨೦೧೦ರಲ್ಲಿ ಆಫ್ರಿಕಾದ ಕಡೆಯ ಕಡಲಿನಲ್ಲಿ ಅವರ ಹಡಗನ್ನು ಕಡಲ್ಗಳ್ಳರು ಹಿಡಿದು ಏಳು ತಿಂಗಳು ಇಟ್ಟುಕೊಂಡರು. ಬಿಟ್ಟಾಗ ಲತೀಶ ಒಬ್ಬನೇ ಮನೆಗೆ ಬಂದ. ಪ್ರವೀತ ಐದನೆಯ ತಿಂಗಳಲ್ಲಿ ಜ್ವರದಿಂದ ತೀರಿಕೊಂಡನೆಂದೂ, ದೇಹವನ್ನು ಕಡಲಿಗೆ ಒಪ್ಪಿಸಲಾಯಿತೆಂದೂ ಕಂಪೆನಿಯಿಂದ ಒಂದು ಕಾಗದ ಬಂತು. ಲತೀಶನ ತಂಗಿ ತೃಷಾ ಅದನ್ನು ನನಗೆ ಓದಿ ಹೇಳಿದಳು.

ನಮ್ಮಲ್ಲಿ ಸತ್ತವರನ್ನು ಒಳಗೆ ಕರೆಯುವ ಕ್ರಮವಿದೆ. ಮುಸ್ಸಂಜೆಗೆ ಅಂಗಳಕ್ಕಿಳಿದು ಹೆಸರು ಹಿಡಿದು ಕರೆದು, ಮನೆಯ ಹಿರಿಯರ ಜೊತೆ ಸೇರಿಸಿ, ಎಲೆ ಹಾಕಿ ಬಡಿಸುತ್ತೇವೆ. ಅಲ್ಲಿಯವರೆಗೆ ಅವರು ಹೊರಗಿನವರು. ಪ್ರವೀತನನ್ನೂ ಕರೆಯೋಣವೆಂದು ಎಲ್ಲರೂ ಹೇಳಿದರು. ಒಪ್ಪದವಳು ನಾನು. ಕಡೆಯ ಗಳಿಗೆಯಲ್ಲಿ ಅವನು ಹೇಗಿದ್ದ, ಬಾಯಿಗೆ ನೀರು ಸಿಕ್ಕಿತೋ, ಹತ್ತಿರ ಯಾರಿದ್ದರು, ಅಷ್ಟು ತಿಳಿಯದೆ ಅವನನ್ನು ಸತ್ತವನೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ ಎಂದೆ. ತಿಳಿದಿದ್ದವನು ಲತೀಶ. ಒಮ್ಮೆ ಕೇಳಿದೆ. “ಜ್ವರ, ದೊಡ್ಡಮ್ಮಾ,” ಎಂದು ಎದ್ದು ಹೋದ. ಮತ್ತೆ ಕೇಳಲಿಲ್ಲ.

ಲತೀಶ ಹಡಗಿಗೆ ಹಿಂತಿರುಗಲಿಲ್ಲ. ಮೀನುಗಾರಿಕೆಯ ದೋಣಿಗಳ ಎಂಜಿನ್ ರಿಪೇರಿಗೆ ಹೋಗಿ ಬರುತ್ತಿದ್ದ. ಮದುವೆಯ ಮಾತೆತ್ತಿದರೆ ಬೈಕ್ ಹತ್ತಿ ಹೊರಟುಬಿಡುವನು. ಮೂರು ವರ್ಷ ಕಳೆದ ಮೇಲೆ ಒಂದು ನೋಟ್‌ಬುಕ್ ತಂದು ಗೀಚತೊಡಗಿದ. ಎಂತ ಬರೆಯುತ್ತಾನೆಂದು ಕಿನ್ನಿಗೆ ಆತಂಕ. ಆಟ ಎಂದನಂತೆ. ಹಡಗಿನಲ್ಲಿ ಫಿಲಿಪೀನ್ಸಿನವನೊಬ್ಬ ಕಲಿಸಿಕೊಟ್ಟದ್ದು. ಮೇಜಿನ ಸುತ್ತ ಕೂರುವುದು. ಒಬ್ಬ ಕಥೆಯ ಊರನ್ನು ಕಟ್ಟಿ ಹೇಳುವುದು. ಉಳಿದವರು ಆ ಕಥೆಯೊಳಗೆ ಒಬ್ಬೊಬ್ಬ ಮನುಷ್ಯರಾಗಿ, ನಾನು ಹೀಗೆ ಮಾಡುತ್ತೇನೆ ಎನ್ನುವುದು. ಮಾಡಿದ್ದು ಫಲಿಸುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ.

ಲತೀಶ ಕಟ್ಟುತ್ತಿದ್ದದ್ದು ಕಡಲ್ಗಳ್ಳರ ಊರು. ಬೆಳಕು ಹರಿಯದ ಒಂದು ಬಂದರು, ಬಂಡೆಯ ಮೇಲೊಂದು ಬಂಗಲೆ, ದಡ ಮುಟ್ಟಲಾಗದೆ ಸುತ್ತುವ ಹಡಗು, ಅದರಲ್ಲಿ ತಾವು ಸತ್ತಿದ್ದೇವೆಂದು ತಿಳಿಯದ ಕೆಲಸಗಾರರು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕಿನ್ನಿಯ ಮನೆಯ ಜಗಲಿಯಲ್ಲಿ ಆಟ. ಆಡುವವರು ತೃಷಾ ಮತ್ತು ಕನ್ನಡ ಶಾಲೆಯ ಮಾಸ್ತರ್ರು ವಿಷ್ಣುಪ್ರಸಾದ. ನಾನು ಪಕ್ಕದಲ್ಲಿ ಕೂತು ಗುಡಿಸುವ ಹಿಡಿಸೂಡಿಗೆ ಕತ್ತಿಯಿಂದ ತೆಂಗಿನ ಗರಿ ಸೀಳುತ್ತಿದ್ದೆ.

ಮೊದಮೊದಲು ಅವನ ಊರೆಲ್ಲ ಪರದೇಶದ್ದು. ಹಿಮ, ಕಲ್ಲಿನ ಗೋಪುರ, ಉದ್ದ ಕೋಟು ತೊಟ್ಟ ಪ್ರೇತ.

“ನಿನ್ನ ಪ್ರೇತಕ್ಕೆ ಸೆಖೆ ಆಗುದಿಲ್ವಾ ಮಾರಾಯ?” ಎಂದರು ಮಾಸ್ತರ್ರು. “ಕುಂಬಳೆಯಲ್ಲಿ ಬಸ್ಸಿಳಿದರೆ ಬೆವರಿಯೇ ಇನ್ನೊಮ್ಮೆ ಸಾಯ್ತದೆ.”

“ನಿಮಗೆ ಹೆದರಿಕೆ ಆಗ್ಬೇಕು ಮಾಸ್ತರ್ರೇ, ನಗು ಬರ್ಲಿಕ್ಕಲ್ಲ.”

“ನಿನ್ನ ಕೈಬರಹ ನೋಡಿಯೇ ಹೆದರಿಕೆ ಆಗ್ತದೆ. ನನ್ನ ಕ್ಲಾಸಲ್ಲಿದ್ದಿದ್ರೆ ನಿಲ್ಲಿಸ್ತಿದ್ದೆ.”

ತೃಷಾ ಬಿದ್ದು ಬಿದ್ದು ನಕ್ಕಳು. ಲತೀಶನೂ ನಕ್ಕ. ಅವನ ಹಲ್ಲು ಕಂಡದ್ದು ಎಷ್ಟೋ ವರ್ಷಗಳ ಮೇಲೆ. ಮುಂದಿನ ವಾರಕ್ಕೆ ಗೋಪುರ ಹೋಗಿ ಕೆಂಪುಕಲ್ಲಿನ ಕೋಟೆ ಬಂತು, ಹಿಮ ಹೋಗಿ ಉಪ್ಪುಗಾಳಿ ಬಂತು. ಬಾಗಿಲಿನ ಬಿಜಾಗರಿಗಳು ಉಪ್ಪು ಹಿಡಿದು ಕಿರುಗುಟ್ಟುವುದನ್ನು ಅವನು ಹೇಳುವಾಗ ಮಾಸ್ತರ್ರು ಕೂಡ ತಮಾಷೆ ಬಿಟ್ಟು ಕೇಳುತ್ತಿದ್ದರು.

ಆ ಹಡಗಿನಲ್ಲಿ ಒಂದು ಜಾಗವಿತ್ತು. ಕೆಳಗಿನ ಮುಚ್ಚಿದ ಕೋಣೆ. ಕಳ್ಳರು ಹಿಡಿದ ಕೆಲಸಗಾರರು ನೆಲದಲ್ಲಿ ಸಾಲಾಗಿ ಮಲಗಿದ್ದಾರೆ, ಬಾಗಿಲಲ್ಲಿ ಕೋವಿ ಹಿಡಿದವನಿದ್ದಾನೆ, ಮಾತಾಡಿದರೆ ಹೊಡೆತ. ಮಲಗಿದವರಲ್ಲಿ ಒಬ್ಬ ಕರೆಯುತ್ತಾನೆ.

“ನಾನು ಓಗೊಡ್ತೇನೆ,” ಎಂದರು ಮಾಸ್ತರ್ರು, ದಾಳ ಕೈಗೆತ್ತಿಕೊಂಡು.

“ಆಗುದಿಲ್ಲ,” ಎಂದ ಲತೀಶ.

“ದಾಳ ಹಾಕಿ ನೋಡುವ.”

“ಇಲ್ಲಿ ದಾಳ ಇಲ್ಲ. ಆಗುದಿಲ್ಲ.”

ಮುಂದಿನ ಭಾನುವಾರ ತೃಷಾ ಬೇರೆ ದಾರಿ ಹುಡುಕಿದಳು. ಹಲಗೆಗೆ ಬೆರಳಿನಿಂದ ಕುಟ್ಟುತ್ತೇನೆ ಎಂದಳು. ಆಗುವುದಿಲ್ಲ. ತೆವಳಿ ಹೋಗಿ ಕೈ ಹಿಡಿಯುತ್ತೇನೆ ಎಂದಳು. ಆಗುವುದಿಲ್ಲ. ಭೂತದ ಬಂಗಲೆಯಲ್ಲಿ, ಕೋಟೆಯಲ್ಲಿ, ನಡುಗಡಲಿನಲ್ಲಿ ಎಲ್ಲ ಕಡೆಯೂ ಏನಾದರೊಂದು ಉಪಾಯವಿತ್ತು. ಆ ಕೋಣೆಯಲ್ಲಿ ಮಾತ್ರ ಇಲ್ಲ. ಮೂರನೆಯ ವಾರ ಮಾಸ್ತರ್ರಿಗೆ ಸಿಟ್ಟೇ ಬಂತು.

“ಇದು ಆಟ ಅಲ್ಲ ಮಾರಾಯ! ಎಲ್ಲ ನೀನೇ ಮೊದಲೇ ಬರೆದಿಟ್ಟಿದ್ದೀ. ಮತ್ತೆ ನಾವು ಎಂತಕ್ಕೆ ಕೂತದ್ದು?”

ಲತೀಶ ನೋಟ್‌ಬುಕ್ಕಿನಿಂದ ತಲೆ ಎತ್ತಲಿಲ್ಲ. ಮೂರು ವಾರವೂ ಕೇಳಿದ ನಾನು ಗರಿ ಸೀಳುವುದನ್ನು ನಿಲ್ಲಿಸಿದೆ. ಕತ್ತಿ ಕೆಳಗಿಟ್ಟೆ.

“ಲತೀಶಾ, ಕರೆಯುವವ ಯಾರನ್ನು ಕರೀತಾನೆ?”

ತೃಷಾಳಿಗೆ ಅರ್ಥವಾಗಿರಬೇಕು. ಅವಳು ಮಾಸ್ತರ್ರ ಕೈಯಿಂದ ದಾಳ ತೆಗೆದುಕೊಂಡಳು.

“ಅವನ ಅಮ್ಮನನ್ನು,” ಎಂದ ಲತೀಶ.

“ಪಕ್ಕದಲ್ಲಿ ಮಲಗಿದವನಿಗೆ ನಿದ್ದೆ ಬಂದಿತ್ತಾ?”

“ಇಲ್ಲ ದೊಡ್ಡಮ್ಮಾ. ಎಚ್ಚರ ಇದ್ದ. ಕಣ್ಣು ಮುಚ್ಚಿಕೊಂಡಿದ್ದ.”

ಮಾಸ್ತರ್ರು ಮೆಲ್ಲನೆ ಎದ್ದು ಚಪ್ಪಲಿ ಹಾಕಿಕೊಂಡರು. ಲತೀಶ ಹೇಳಿದ. ಅದು ಹಗಲು, ಊಟದ ಹೊತ್ತು, ತಗಡು ಕಾದು ಒಳಗೆ ಉಸಿರಾಡಲಾಗುತ್ತಿರಲಿಲ್ಲ. ಹಿಂದಿನ ದಿನ ಪ್ರವೀತನಿಗೆಂದು ನೀರು ಕೇಳಿದ್ದಕ್ಕೆ ಲತೀಶನ ದವಡೆಗೆ ಕೋವಿಯ ಹಿಡಿಯಿಂದ ಹೊಡೆದಿದ್ದರು. ಮರುದಿನ ಪ್ರವೀತ ಜ್ವರದ ಅಮಲಿನಲ್ಲಿ ಕರೆಯತೊಡಗಿದ. ಎಷ್ಟು ಸಲವೆಂದು ಲೆಕ್ಕವಿಲ್ಲ. ಒಂದು ಕೈಯಳತೆ ದೂರ.

“ನಾನು ಒಮ್ಮೆ ‘ಓ’ ಅಂದಿದ್ರೆ ಸಾಕಿತ್ತು. ಅವನಿಗೆ ಸರಿ ಪ್ರಜ್ಞೆ ಇರ್ಲಿಲ್ಲ, ನೀವೇ ಅಂತ ತಿಳ್ಕೊಳ್ತಿದ್ದ. ನಾನು ಹೆದರಿದೆ. ಆಮೇಲೆ ಕರೆಯುದು ನಿಂತಿತು. ನಿಂತದ್ದೇ ಒಳ್ಳೆದಾಯ್ತು ಅಂತ ಅನ್ನಿಸಿತು ನನಗೆ, ದೊಡ್ಡಮ್ಮಾ. ಅಷ್ಟು ಹೊತ್ತು ಅದೇ ಅನ್ನಿಸಿತು.”

ನಾನು ಸಿಟ್ಟಾಗಲಿಲ್ಲ ಎಂದರೆ ಸುಳ್ಳು. ಎದ್ದು ಬಾವಿಕಟ್ಟೆ ದಾಟಿ ಮನೆಗೆ ಬಂದೆ. ಎರಡು ತಿಂಗಳು ಕಿನ್ನಿಯ ಮನೆಯ ಕಡೆಗೆ ಹೋಗಲಿಲ್ಲ. ಲತೀಶ ನೀರು ಸೇದಲು ಬಂದರೆ ಬಾಗಿಲು ಎಳೆದುಕೊಳ್ಳುತ್ತಿದ್ದೆ. ಒಮ್ಮೆ ಕೊಡಪಾನ ತುಂಬಿದ ಮೇಲೂ ಅವನು ಹೋಗದೆ ನಿಂತಿದ್ದ. ಬಾಗಿಲ ಸಂದಿಯಿಂದ ನೋಡಿದೆ. ನಾಲ್ಕು ವರ್ಷಗಳಿಂದ ಒಬ್ಬನೇ ಹೊತ್ತುಕೊಂಡು ತಿರುಗಿದ್ದಾನೆ. ಇಳಿಸಲು ಬೇರೆ ಜಾಗ ಕಾಣದೆ ಆಟದ ಊರನ್ನು ಕಟ್ಟಿ, ಅದರಲ್ಲೂ ತನಗೆ ಬಿಡುಗಡೆಯ ದಾರಿ ಇಟ್ಟುಕೊಂಡಿಲ್ಲ. ನನ್ನ ಮಗ ಕರೆದದ್ದು ಇವನನ್ನಲ್ಲ, ನನ್ನನ್ನು. ಆ ಹೊತ್ತಿಗೆ ನಾನು ಇಲ್ಲಿ ಊಟ ಮಾಡುತ್ತಿದ್ದಿರಬೇಕು. ಬಾಗಿಲು ತೆಗೆದೆ.

“ನಿಂತದ್ದು ಎಂತಕ್ಕೆ? ಬಾ, ಗಂಜಿ ಉಂಟು.”

ಅಂದಿನಿಂದ ಬಂದಾಗೆಲ್ಲ ಕೇಳುತ್ತಿದ್ದೆ, ಸ್ವಲ್ಪ ಸ್ವಲ್ಪವೇ ಹೇಳುತ್ತಿದ್ದ. ಒಂದು ದಿನ, ಪ್ರವೀತನ ಕಾಲು ತಣ್ಣಗಾಗಿದ್ದಾಗ ತನ್ನ ಲುಂಗಿ ಬಿಚ್ಚಿ ಹೊದೆಸಿದ್ದೆ ಎಂದ.

“ಅದನ್ನು ಮೊದಲೇ ಹೇಳ್ಬಾರ್ದಿತ್ತಾ ಮಗಾ?”

“ಹೇಳಿದ್ರೆ ನಾನು ಒಳ್ಳೆಯವ ಅಂತ ಆಗ್ತಿತ್ತು.”

ಆಟ ಅರ್ಧಕ್ಕೆ ನಿಂತಿತು. ನೋಟ್‌ಬುಕ್ಕುಗಳು ಮಾಸ್ತರ್ರ ಹತ್ತಿರ ಇವೆ. ಅವರು ಶಾಲೆ ಬಿಟ್ಟು ಬರುವಾಗಲೆಲ್ಲ ಮತ್ತೆ ಆಟ ಯಾವಾಗ ಎಂದು ಕೇಳುತ್ತಾರೆ, ಲತೀಶ ಮುಂದಿನ ವಾರ ಎನ್ನುತ್ತಾನೆ.

ಆ ವರ್ಷದ ಮಳೆಗಾಲದಲ್ಲಿ, ಆಟಿ ತಿಂಗಳಿನಲ್ಲಿ ನಾನು ಅಂಗಳಕ್ಕಿಳಿದು ಪ್ರವೀತನ ಹೆಸರು ಹಿಡಿದು ಕರೆದೆ. ಎಲೆಗೆ ಕೋಳಿ, ಅವನಿಗಿಷ್ಟದ ಬಂಗುಡೆ ಬಡಿಸಿದೆವು. ಲತೀಶ ಬರಲಿಲ್ಲ. ಕಡಲಿಗೆ ಹೋದ ದೋಣಿಯ ಎಂಜಿನ್ ಕೆಟ್ಟಿದೆ ಎಂದು ಹೇಳಿ ಕಳಿಸಿದ್ದ. ಆ ತಿಂಗಳು ದೋಣಿಗಳು ಕಡಲಿಗಿಳಿಯುವುದಿಲ್ಲವೆಂದು ನನಗೂ ಗೊತ್ತು.

ಮರುದಿನ ಬೆಳಿಗ್ಗೆ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂತ.

“ದೊಡ್ಡಮ್ಮಾ, ಬಂದನಾ ಅವ?”

“ಗೊತ್ತಿಲ್ಲ ಮಗಾ,” ಎಂದೆ. “ನಾನು ಕರೆದೆ.”