ಹಲೋ ಅಕ್ಕ ಸಹಿ ಹಾಕದ ಕಾಗದ

ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ಹಲೋ ಅಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹದಿನೆಂಟು ವರ್ಷ, ಇಲ್ಲಿ ಹನ್ನೆರಡು. ಮೂವತ್ತು ವರ್ಷ ಅವಳು ಮಾಡಿದ್ದು ಒಂದೇ ಕೆಲಸ, ಯಾರೇ ಕರೆದರೂ ಓಗೊಡುವುದು.

ಒಂಬತ್ತು ವೈದ್ಯರ ಅಪಾಯಿಂಟ್‌ಮೆಂಟ್ ಗೊತ್ತುಮಾಡುವ ಪುಟ್ಟ ಕಚೇರಿ ಅದು. ಎರಡು ಕೋಣೆ, ಆರು ಜನ, ಬೆಳಗ್ಗೆ ಹತ್ತರಿಂದ ಬಿಡುವಿಲ್ಲದ ಫೋನು. ಎರಡು ವರ್ಷದ ಹಿಂದೆ ಫೋನುಗಳನ್ನೆಲ್ಲ ವೈರಿಲ್ಲದೆ ಇಂಟರ್ನೆಟ್ಟಿಗೆ ಜೋಡಿಸಿದ್ದರು. ಮಾಲೀಕರ ಗಾಜಿನ ಕೋಣೆಯ ಗೋಡೆಗೆ ನೇತುಹಾಕಿದ್ದ ರೌಟರ್ ಎಂಬ ಡಬ್ಬಿ ಉಸಿರಾಡಿದರೆ ಕಚೇರಿ ಉಸಿರಾಡುತ್ತಿತ್ತು.

ಆ ಡಬ್ಬಿಗೆ ಈಗ ದಮ್ಮು ಹತ್ತಿತ್ತು. "ಡಾಕ್ಟ್ರು ನಾಳೆ ಎಷ್ಟು ಗಂಟೆಗೆ..." ಎನ್ನುವಷ್ಟರಲ್ಲಿ ಕರೆ ಕಡಿದುಹೋಗುತ್ತಿತ್ತು. ಆ ಕಡೆಯವರು ಮತ್ತೆ ಫೋನು ಮಾಡಿ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಹೆಚ್ಚು ಬೈಸಿಕೊಳ್ಳುವವಳು ಹಲೋ ಅಕ್ಕ. ಅವಳ ಕುರ್ಚಿ ಹಿಂದಿನ ಕೋಣೆಯಲ್ಲಿ, ದಪ್ಪ ಗೋಡೆ ಮತ್ತು ಕಬ್ಬಿಣದ ಬೀರುವಿನ ಆಚೆ ಇತ್ತು.

ಒಂದು ಸೋಮವಾರ ಮಾಲೀಕರು ಟೈಪು ಮಾಡಿದ ಕಾಗದವೊಂದನ್ನು ಅವಳ ಮುಂದಿಟ್ಟರು. 'ನನ್ನ ಅಜಾಗರೂಕತೆಯಿಂದ ಕರೆಗಳು ಕಡಿದುಹೋದವು ಎಂದು ಒಪ್ಪಿಕೊಳ್ಳುತ್ತೇನೆ.' ಕೆಳಗೆ ಸಹಿಗೆ ಜಾಗ.

"ಡಾಕ್ಟರುಗಳು ಉತ್ತರ ಕೇಳ್ತಿದಾರೆ ಅಕ್ಕ. ವಯಸ್ಸಾಯ್ತಲ್ಲ, ಕೈ ತಪ್ಪಿ ಯಾವುದೋ ಬಟನ್ ಮೇಲೆ ಬೀಳುತ್ತೆ. ಸಹಿ ಹಾಕ್ಬಿಡಿ. ನಾಳೆಯಿಂದ ಫೈಲ್ ಜೋಡಿಸ್ಕೊಂಡು ಆರಾಮಾಗಿರಿ."

ಡಬ್ಬಿಯ ತಪ್ಪಿಗೆ ಅವಳ ತಲೆಯ ಮೇಲೆ ಗೂಬೆ ಕೂರಿಸುವ ಹುನ್ನಾರ! ಅವಳ ಮೈಯೆಲ್ಲ ಉರಿದುಹೋಯಿತು.

"ಹಾಕಲ್ಲ ಸರ್. ಕೈ ಸರಿಯಾಗೇ ಇದೆ. ಕೆಟ್ಟಿರೋದು ಡಬ್ಬಿ."

"ಡಬ್ಬಿನೂ ಬದಲಾಯಿಸ್ತೀವಿ. ಆಮೇಲೂ ಕಡಿದ್ರೆ?"

"ನಾನು ಪರೀಕ್ಷೆ ಮಾಡಿ ಒಪ್ಪಿದ ಡಬ್ಬಿನೂ ಕಡಿದ್ರೆ ಸಹಿ ಹಾಕ್ತೀನಿ, ಕುರ್ಚಿನೂ ಬಿಡ್ತೀನಿ."

ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಗಂಡ ಸಂಗತಿ ಕೇಳಿ, "ಒಂದು ಸಹಿ ತಾನೆ, ಹಾಕಿ ಬಿಸಾಕು" ಎಂದ.

"ನೀವು ಸರಿಯಾಗಿ ಹೊಲಿದ ಅಂಗೀನ ಕೆಟ್ಟದಾಗಿ ಹೊಲಿದೆ ಅಂತ ಬರ್ಕೊಡ್ತೀರಾ?"

ಗಂಡ ಸೂಜಿಗೆ ದಾರ ಪೋಣಿಸಿದ.

ಹೊಸ ರೌಟರ್ ತಂದವನು ಮಾಲೀಕರ ಭಾವಮೈದುನ. ಆ ಕಚೇರಿಯಲ್ಲಿ ಅವನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ, ಕೆಲಸ ಒಂದು ಬಿಟ್ಟು. ಎಂಟು ಆಂಟೆನಾ, ನೀಲಿ ದೀಪ. ಅಂಗಾತ ಬಿದ್ದ ಏಡಿಯ ಹಾಗಿತ್ತು ಅದು. ಬೆಳಗ್ಗೆ ಒಂಬತ್ತಕ್ಕೆ, ಇನ್ನೂ ಒಂದು ಫೋನೂ ಬಡಿದುಕೊಳ್ಳದ ಹೊತ್ತಿನಲ್ಲಿ, ಅದರ ಬುಡದಲ್ಲೇ ನಿಂತು ತನ್ನ ಮೊಬೈಲಿನಲ್ಲಿ ವೇಗ ಅಳೆದ.

"ರಾಕೆಟ್ ಭಾವ, ರಾಕೆಟ್!"

ಎಲ್ಲರೂ ಹಲ್ಲುಬಿಟ್ಟರು. ಹಲೋ ಅಕ್ಕ ಮಾತ್ರ ಸೊಪ್ಪು ಹಾಕಲಿಲ್ಲ. ಎಕ್ಸ್‌ಚೇಂಜಿನಲ್ಲಿ ರಜಾದಿನ ಯಾರೂ ಲೈನು ಪರೀಕ್ಷಿಸುತ್ತಿರಲಿಲ್ಲ. ಊರಿಗೆ ಊರೇ ಒಟ್ಟಿಗೆ ಮಾತಾಡುವ ಹೊತ್ತಿನಲ್ಲಿ ಪರೀಕ್ಷಿಸುತ್ತಿದ್ದರು.

"ಖಾಲಿ ರಸ್ತೇಲಿ ಯಾರು ಬೇಕಾದ್ರೂ ಜೋರಾಗಿ ಓಡಿಸ್ತಾರೆ," ಎಂದಳು. "ಹನ್ನೊಂದು ಗಂಟೆಗೆ, ಆರೂ ಜನ ಕೆಲಸದಲ್ಲಿರುವಾಗ, ನನ್ನ ಕುರ್ಚಿಯಿಂದ ನೋಡೋಣ."

"ಇದರ ಸ್ಪೀಡ್ ಎಷ್ಟು ಗೊತ್ತಾ ನಿಮಗೆ?"

"ಮಾತು ಓಡಿ ಬರಬೇಕಿಲ್ಲಪ್ಪ. ನಡ್ಕೊಂಡೇ ಬರಲಿ, ಮಧ್ಯದಲ್ಲಿ ಮಾಯ ಆಗದೆ ಬರಲಿ."

ಹನ್ನೊಂದಾಯಿತು. ಆರು ಫೋನು, ಆರು ಕಂಪ್ಯೂಟರು, ಜೊತೆಗೆ ಎಕ್ಸ್-ರೇ ಚಿತ್ರಗಳ ರವಾನೆ. ಎಂಟನೇ ನಿಮಿಷಕ್ಕೆ ಏಡಿ ಕಾಲು ಚಾಚಿತು, ಕರೆಗಳೆಲ್ಲ ಕಡಿದವು. ಭಾವಮೈದುನ ಅದನ್ನು ಆರಿಸಿ ಹಚ್ಚಿದ. ಮಧ್ಯಾಹ್ನದೊಳಗೆ ಮೂರು ಸಲ ಆರಿಸಿ ಹಚ್ಚಿದ. "ಹೊಸದಲ್ವಾ, ಹೊಂದ್ಕೋಬೇಕು" ಎಂದು ತಿಪ್ಪೆ ಸಾರಿಸಿದ.

ಊಟದ ಬಿಡುವಿನಲ್ಲಿ ಅವಳು ಎರಡು ರಸ್ತೆ ಆಚೆಯ ರಿಪೇರಿ ಅಂಗಡಿಗೆ ಹೋದಳು. ಅಂಗಡಿಯವನು ಎಲ್ಲರನ್ನೂ ಕೇಳುವಂತೆ "ಎಷ್ಟು ಸ್ಪೀಡ್ ಬೇಕಮ್ಮ?" ಎಂದ. ಅವಳು ಆರು ಜನರ ವಿಷಯ ಹೇಳಿದಳು, ಗೋಡೆ, ಬೀರು, ಹನ್ನೊಂದರ ನೂಕುನುಗ್ಗಲು ಹೇಳಿದಳು. ಅವನು ಕೆಳಗಿನ ಅರೆಯಿಂದ ಬೂದು ಬಣ್ಣದ ಡಬ್ಬಿಯೊಂದನ್ನು ತೆಗೆದ. ಒಂದು ಆಂಟೆನಾ ಕೂಡ ಇರಲಿಲ್ಲ.

"ಆಫೀಸಿಗೆ ಅಂತಲೇ ಮಾಡಿರೋದು. ಎಷ್ಟು ಗಲಾಟೆ ಇದ್ರೂ ಮೊದಲು ಫೋನಿನ ಮಾತಿಗೆ ದಾರಿ ಬಿಡುತ್ತೆ. ನಿಮ್ಮ ಫೋನುಗಳಿಗೆ ವೈರ್ ಎಳೀತೀನಿ, ಗೋಡೆ ಇದ್ರೂ ಚಿಂತೆ ಇಲ್ಲ. ಆದ್ರೆ ನೋಡೋಕೆ ಚೆಂದ ಇಲ್ಲ."

"ನಾನೂ ಇಲ್ಲ. ಕೊಡಿ."

ಮರುದಿನ ಬೆಳಗ್ಗೆ, ಮಾಲೀಕರ ಒಪ್ಪಿಗೆಯ ಮೇಲೆ, ಅಂಗಡಿಯವನೇ ಬಂದು ಏಡಿಯನ್ನು ಇಳಿಸಿ ಬೂದು ಡಬ್ಬಿ ಕೂರಿಸಿ ವೈರು ಎಳೆದ. "ಈ ಕಾಲದಲ್ಲೂ ವೈರಾ?" ಎಂದು ಭಾವಮೈದುನ ಮೂಗು ಮುರಿದ. ಹನ್ನೊಂದಕ್ಕೆ ಹಲೋ ಅಕ್ಕ ಆ ಟೈಪಾದ ಕಾಗದವನ್ನು ಮೇಜಿನ ಮೇಲೆ ಹರಡಿ, ಪೆನ್ನಿನ ಮುಚ್ಚಳ ತೆಗೆದಿಟ್ಟಳು. ಒಂದೇ ಒಂದು ಕರೆ ಕಡಿದರೂ ಮೂವತ್ತು ವರ್ಷ ಆ ಖಾಲಿ ಜಾಗದಲ್ಲಿ ಮುಗಿಯುತ್ತಿತ್ತು. ಅವಳಿಗೆ ಭಯವಿರಲಿಲ್ಲ ಎಂದರೆ ಸುಳ್ಳು. ಆದರೆ ದನಿ ನಡುಗಲಿಲ್ಲ.

ಹತ್ತು ಕರೆ, ಇಪ್ಪತ್ತು ಕರೆ. ಹನ್ನೆರಡಕ್ಕೆ ಭಾವಮೈದುನ ತನ್ನ ಲ್ಯಾಪ್‌ಟಾಪ್ ತೆರೆದು ದೊಡ್ಡದೊಂದು ಸಿನಿಮಾ ಇಳಿಸಲು ಹಚ್ಚಿದ. "ಇದನ್ನೂ ತಾಳ್ಕೊಳ್ಲಿ ನೋಡೋಣ."

ಅವಳು ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, "ಇನ್ನೊಂದೂ ಹಾಕಿ" ಎಂದಳು.

ಅವನು ಹಾಕಿದ. ಸಿನಿಮಾ ತೆವಳಿತು, ಮಾತು ನಿಲ್ಲಲಿಲ್ಲ. ಒಂದು ಗಂಟೆಗೆ ನಲವತ್ತಮೂರು ಕರೆಯಾಗಿತ್ತು, ಒಂದೂ ಕಡಿದಿರಲಿಲ್ಲ.

ಮಾಲೀಕರು ಗಾಜಿನ ಕೋಣೆಯಿಂದ ಎದ್ದು ಬಂದರು. "ಆಯ್ತು ಅಕ್ಕ, ನೀವೇ ಗೆದ್ರಿ. ಕೊಡಿ ಇಲ್ಲಿ, ಹರಿದು ಹಾಕೋಣ."

ಅವಳು ಕಾಗದ ಕೊಡಲಿಲ್ಲ. 'ನನ್ನ ಅಜಾಗರೂಕತೆಯಿಂದ' ಎಂಬುದನ್ನು ಹೊಡೆದುಹಾಕಿ, ಮೇಲೆ ದುಂಡಗೆ 'ಕಚೇರಿಯ ಹಳೆಯ ರೌಟರಿನಿಂದ' ಎಂದು ಬರೆದಳು. ಉಳಿದ ವಾಕ್ಯವನ್ನು ಹಾಗೆಯೇ ಬಿಟ್ಟು, ಕಾಗದವನ್ನು ಅವರ ಕಡೆ ತಿರುಗಿಸಿದಳು.

"ಡಾಕ್ಟರುಗಳು ಉತ್ತರ ಕೇಳ್ತಿದಾರಲ್ಲ ಸರ್. ಸಹಿ ಜಾಗ ಖಾಲಿ ಇದೆ."

ಐದು ಜನರ ಬೆರಳು ಕೀಲಿಮಣೆಯ ಮೇಲೆ ನಿಂತುಹೋಯಿತು. ಮಾಲೀಕರು ಭಾವಮೈದುನನನ್ನು ನೋಡಿದರು, ಅವನು ಬೀರುವನ್ನು ನೋಡಿದ. ಕೊನೆಗೆ ಅವರು ಬಗ್ಗಿ ಪೆನ್ನೆತ್ತಿಕೊಂಡರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕಾಗದ ಜಾರದಂತೆ ಎಡಗೈಯಲ್ಲಿ ಒತ್ತಿ ಹಿಡಿದೇ ಅವಳು ಬಲಗೈಯಲ್ಲಿ ಫೋನೆತ್ತಿದಳು.

"ಹಲೋ. ಹೇಳಿ, ಚೆನ್ನಾಗಿ ಕೇಳಿಸ್ತಿದೆ."