ಆಯಿಗೆ ಒಂದು ತುತ್ತು

ಎಂಬತ್ತರ ದಶಕದ ಕೊನೆ. ಐನಾಪುರದ ನಮ್ಮ ಓಣಿಯಲ್ಲಿ ಪಕ್ಕದ ಜೈನರ ಮನೆಯ ಅಜ್ಜಿ ಸಲ್ಲೇಖನ ವ್ರತ ಹಿಡಿದಿದ್ದರು. ಅನ್ನ ಬಿಟ್ಟು ಎಷ್ಟು ದಿನವಾಗಿತ್ತೋ ನೆನಪಿಲ್ಲ. ನೋಡಲು ಬಂದವರು ಅಂಗಳದಲ್ಲಿ ಚಪ್ಪಲಿ ಬಿಟ್ಟು, ಸದ್ದಿಲ್ಲದೆ ಒಳಗೆ ಹೋಗಿ ಕೈಮುಗಿದು ಬರುತ್ತಿದ್ದರು. ಗದ್ದಲ ಮಾಡಬಾರದೆಂದು ಮಕ್ಕಳನ್ನು ಹಿತ್ತಲಿಗೆ ಕಳಿಸಿದ್ದರು.

ಅಲ್ಲಿ ನಾವು ಮೂವರು: ಒಂಬತ್ತು ವರ್ಷದ ನಾನು, ಅಜ್ಜಿಯ ಎಂಟು ವರ್ಷದ ಮೊಮ್ಮಗಳು, ಅವಳ ಐದು ವರ್ಷದ ತಮ್ಮ. ಮನೆಯಾಟ ಹೂಡಿದೆವು. ನಾನು ಅಪ್ಪ, ಅವನು ಅಡಿಗೆ ಮಾಡುವವನು, ಅವಳು ಆಯಿ. ಅಜ್ಜಿಯನ್ನು ಅವರು ಕರೆಯುತ್ತಿದ್ದುದು ಹಾಗೆ. ಆ ಪಾತ್ರವನ್ನು ಅವಳೇ ಆರಿಸಿಕೊಂಡಳೆಂದು ಬಹಳ ವರ್ಷ ನಂಬಿದ್ದೆ. ಈಗ ನಂಬಿಕೆಯಿಲ್ಲ. ಯಾರು ಏನಾಗಬೇಕೆಂದು ದಿನವೂ ಹೇಳುತ್ತಿದ್ದವನು ನಾನೇ.

ತಮ್ಮ ತೆಂಗಿನ ಕರಟದಲ್ಲಿ ಮಣ್ಣು ಕಲಸಿ ತಂದ.

"ಆಯಿ, ಅನ್ನ ಆಗೈತಿ. ಉಣ್ಣ."

ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. "ನಾ ಬಿಟ್ಟೇನಪಾ. ಆಯಿ ಉಣ್ಣಂಗಿಲ್ಲ."

"ತುಪ್ಪಾ ಹಾಕೇನಿ ಬೇ."

"ತುಪ್ಪಾನೂ ಬಿಟ್ಟೇನಿ."

"ಹೊತ್ತ ಮುಣಗಾಕತ್ತೈತಿ. ಆಮ್ಯಾಲ ಬೇಡಿದ್ರೂ ಕೊಡಂಗಿಲ್ಲ ನೋಡ."

ಹೊತ್ತು ಮುಳುಗಿದ ಮೇಲೆ ಅವರ ಮನೆಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ದಿನವೂ ಹಾಗೆ ಹೆದರಿಸಿ ಅವನಿಗೆ ಉಣಿಸುತ್ತಿದ್ದವರು ಆಯಿಯೇ.

ನಾನು ನಕ್ಕೆ. "ಆಯೀಗೇ ಹೆದರಸ್ತಿ ಏನಲೇ? ನಿನ್ನ ಅಡಿಗಿ ಸುಮಾರ ಆಗೈತಿ, ಅದಕ್ಕ ಒಲ್ಲೆ ಅಂತಾಳ."

ಅವನು ನಿಜವೆಂದುಕೊಂಡ. ಕಲಸಿದ್ದನ್ನು ಚೆಲ್ಲಿ, ಹೊಸ ಮಣ್ಣು ತಂದು, ಹರಳುಗಳನ್ನೆಲ್ಲ ಒಂದೊಂದಾಗಿ ಆರಿಸಿ ತೆಗೆದ. ಮತ್ತೆ ಕಲಸಿ ಅವಳ ಮುಂದೆ ಹಿಡಿದ. ಅವನ ಮುಖ ನೋಡಿ ಅವಳು ಒಂದು ತುತ್ತನ್ನು ತುಟಿಯ ಹತ್ತಿರ ತಂದು, ಬಾಯಿ ಆಡಿಸಿ, ಕೆಳಗಿಟ್ಟಳು.

"ಸುಳ್ಳ ಬ್ಯಾಡ. ಖರೇನ ಉಣ್ಣ."

"ಆಟದಾಗ ಖರೇ ಯಾರ ಉಣ್ತಾರ, ಹುಚ್ಚ?"

"ನೀ ಉಂಡ್ರ ಒಳಗಿನ ಆಯಿನೂ ಉಣ್ತಾಳ."

ಅವಳು ನನ್ನ ಕಡೆ ನೋಡಿದಳು. ಆ ತುತ್ತನ್ನು ಬಾಯಿಗೆ ಹಾಕಿ, ಅಗಿದು, ನುಂಗಿದಳು. "ಉಂಡೆ. ತುಪ್ಪಾ ಛಲೋ ಐತಿ."

ಮಣ್ಣು ಹಲ್ಲಿಗೆ ಸಿಕ್ಕ ಕರಕರ ಸದ್ದು ನನಗೆ ಇಂದಿಗೂ ಕೇಳಿಸುತ್ತದೆ. ನಾನು ಕುಳಿತಿದ್ದಲ್ಲಿಗೆ ಅದು ಕೇಳಿಸುವುದು ಸಾಧ್ಯವೇ ಇರಲಿಲ್ಲವೇನೋ. ಮಕ್ಕಳು ದುಃಖವನ್ನು ಆಟದಲ್ಲಿ ಅಭ್ಯಾಸ ಮಾಡುತ್ತಾರೆ ಎಂದು ಮುಂದೆ ವಿಶ್ವವಿದ್ಯಾಲಯದಲ್ಲಿ ಕೇಳಿದಾಗ ಟಿಪ್ಪಣಿ ಬರೆದುಕೊಂಡೆ, ಒಪ್ಪಲಿಲ್ಲ. ಆ ಹುಡುಗ ಅಭ್ಯಾಸ ಮಾಡುತ್ತಿರಲಿಲ್ಲ.

ಅವನು ಒಳಗೆ ಓಡಿದ. ನಾವಿಬ್ಬರೂ ಕಾದೆವು. ಎಷ್ಟು ಹೊತ್ತೋ ತಿಳಿಯದು. ನಿಧಾನವಾಗಿ ನಡೆದು ಬಂದು ಅಕ್ಕನ ಪಕ್ಕ ಕುಳಿತ.

"ಏನಂದ್ಳು?" ಎಂದಳು ಅವಳು.

"ತಲಿ ಮ್ಯಾಲ ಕೈ ಇಟ್ಳು. ನೀ ಉಂಡಿ ಏನ ಅಂತ ಕೇಳಿದ್ಳು."