ಜ್ವರ ಬಾರದ ಮಗು

ಜಡೆ ಊರಿನ ಮೂಕಮ್ಮನದು ಹೆಸರಿಗೆ ತದ್ವಿರುದ್ಧವಾದ ಬಾಯಿ. ೧೯೫೮ರಲ್ಲಿ ಅತ್ತೆಯ ಮಾತು ಮೀರಿ ಅವಳು ತನ್ನ ಅವಳಿ ಹೆಣ್ಣುಮಕ್ಕಳಿಗೆ ಸಿಡುಬು ಬಾರದಂತೆ ತಡೆಯುವ ಲಸಿಕೆ, ಊರವರ ಮಾತಲ್ಲಿ ದಾಕು, ಹಾಕಿಸಿದಳು. ವಾರ ಕಳೆಯುವಷ್ಟರಲ್ಲಿ ನಾಗಿಯ ತೋಳಿನಲ್ಲಿ ಕೀವುಗುಳ್ಳೆ ಎದ್ದು ಮೈ ಕಾದಿತು, ಕಂಕುಳು ಬಾತುಕೊಂಡಿತು. ಚೌಡಿಗೆ ಮಾತ್ರ ಏನೂ ಆಗಲಿಲ್ಲ. ಅವಳು ಅಂಗಳದಲ್ಲಿ ಕೋಳಿಮರಿ ಅಟ್ಟುತ್ತಿದ್ದಳು.

"ಆರಾಮಿದ್ದ ಕೂಸಿಗೆ ನೀನೇ ಜ್ವರ ತಂದೆ ಕಣೇ," ಎಂದಳು ಅತ್ತೆ ದುರ್ಗಮ್ಮ.

ಮೂಕಮ್ಮ ನಾಗಿಯ ಹಣೆ ಮುಟ್ಟುವಳು, ಒಲೆಯ ಮುಂದೆ ಹೋಗುವಳು, ಬೇಯುವುದನ್ನು ಬಿಟ್ಟು ಮತ್ತೆ ಬಂದು ಹಣೆ ಮುಟ್ಟುವಳು. ಮಗು ಗುಳ್ಳೆ ಕೆರೆದುಕೊಂಡು ಕಣ್ಣುಜ್ಜೀತೆಂದು ಅದರ ಕೈಗಳಿಗೆ ಬಟ್ಟೆ ಸುತ್ತಿದಳು.

ದಾಕು ಹಾಕಿದ್ದ ಬೆನಕಪ್ಪ ಮಕ್ಕಳನ್ನು ನೋಡಲು ಬಂದಾಗ ಮೂಕಮ್ಮ ಬಾಗಿಲಲ್ಲೇ ತಡೆದಳು. "ಏನ್ ಮಾಡಿದ್ರೀ ನನ್ ಮಗೀಗೆ? ಅನ್ನ ಮುಟ್ತಾ ಇಲ್ಲ!"

ಅವನು ನಾಗಿಯ ತೋಳು ನೋಡಿದ. "ಹೆದರಬೇಡ್ರೀ, ದಾಕು ಹತ್ತಿದೆ. ಹತ್ತಿದ್ರೇನೇ ಹೀಗೆ ಗುಳ್ಳೆ ಏಳೋದು. ಜ್ವರ ತಾನೇ ಇಳೀತದೆ. ಗುಳ್ಳೆ ಒಣಗಿ ಹಕ್ಕಳೆ ಕಟ್ತದೆ, ಕೀಳಬೇಡಿ." ಆಮೇಲೆ ಚೌಡಿಯ ತೋಳು ತಿರುಗಿಸಿ ನೋಡಿದ. "ನನಗೆ ಚಿಂತೆ ಇವಳದು. ಇವಳಿಗೆ ಹತ್ತೇ ಇಲ್ಲ, ನಾಳೆ ಸಿಡುಬು ಬಂದ್ರೆ ತಡೆಯೋದಿಲ್ಲ. ಇನ್ನೊಂದ್ಸಲ ಹಾಕ್ಬೇಕು."

"ಒಂದು ಮಲಗಿದ್ದು ಸಾಲ್ದಾ?" ಎಂದು ದುರ್ಗಮ್ಮ ಒಳಗಿನಿಂದ ಕೂಗಿದಳು.

ಮೂಕಮ್ಮ ಅಂಗಳಕ್ಕಿಳಿದಳು, ಜಗಲಿ ಹತ್ತಿದಳು, ಮತ್ತೆ ಇಳಿದಳು. ಕೊನೆಗೆ ಆಡುತ್ತಿದ್ದ ಚೌಡಿಯನ್ನು ಎತ್ತಿಕೊಂಡು ಬಂದು, ಅದರ ತೋಳನ್ನು ತಾನೇ ಬಿಗಿಯಾಗಿ ಹಿಡಿದು ಬೆನಕಪ್ಪನ ಮುಂದೆ ನೀಡಿದಳು.

ನಾಗಿ ಎದ್ದು ಗಂಜಿ ಕುಡಿಯುವ ಹೊತ್ತಿಗೆ ಚೌಡಿಯ ತೋಳಿನಲ್ಲೂ ಗುಳ್ಳೆ ಎದ್ದು ಮೈ ಬಿಸಿಯಾಯಿತು. ಮೂಕಮ್ಮ ಅದರ ಹಣೆಯನ್ನು ಮತ್ತೆ ಮತ್ತೆ ಮುಟ್ಟಿದಳು. ಆಮೇಲೆ ಹಿತ್ತಲಿಗೆ ಓಡಿ, "ಅತ್ತೇ, ಇವಳಿಗೂ ಹತ್ತಿತು!" ಎಂದು ಕೂಗಿ ಹೇಳಿದಳು.